ಗಾಡಿ ಬರುವ ಮೊದಲಿನ ನಿಮಿಷಗಳು

ಏಪ್ರಿಲ್ 14 ಬಂತೆಂದರೆ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರಿಗೆ ಗೌರವ ಸಲ್ಲುತ್ತದೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿಯ ಬೇಲುಗಳ ಜತೆ ಸ್ಫೋಟಕಗಳನ್ನೂ ತುಂಬಿಕೊಂಡು ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋಗಿದ್ದ 66 ಸಿಬ್ಬಂದಿ ಪ್ರಾಣ ಬಿಟ್ಟರು. ಅವರ ನೆನಪಿಗೆ ದೇಶದಾದ್ಯಂತ 20ನೇ ತಾರೀಖಿನವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಸ್ಪತ್ರೆ, ಕಾರ್ಖಾನೆ, ಬಸ್ ನಿಲ್ದಾಣಗಳಲ್ಲಿ ಅಣಕು ಪ್ರದರ್ಶನ ಏರ್ಪಡುತ್ತದೆ, ಕರಪತ್ರ ಹಂಚುತ್ತಾರೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಸಪ್ತಾಹ ಮುಗಿದ ಮೇಲೆ ಠಾಣೆಗೂ ಊರಿಗೂ ಉಳಿಯುವ ಸಂಬಂಧ ಒಂದು ಫೋನ್ ಕರೆಯದು ಮಾತ್ರ. ಕರೆ ಬಂದಾಗ ಈ ಇಲಾಖೆ ಮಾಡುವ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಕರೆ ಬರದ ದಿನಗಳಲ್ಲಿ ಅದು ಊರಿನೊಳಗೆ ಎಷ್ಟರಮಟ್ಟಿಗೆ ಇದೆ ಎಂಬುದರ ಬಗ್ಗೆ ಮಾತ್ರ ತಕರಾರಿದೆ.

ಮೊದಲು ಗೌರವದ ಮಾತು. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಬೆನ್ನಿಗೆ ರೂಪುಗೊಂಡ ಪಡೆ ಇಂದು ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂದು ಕರೆಸಿಕೊಳ್ಳುತ್ತಿದೆ. ಹೆಸರಿಗೆ ಸೇರಿದ ‘ತುರ್ತು’ ಎಂಬುದು ಅಲಂಕಾರಕ್ಕೆ ಬಂದದ್ದಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ನೆಲಕ್ಕುರುಳಿ 19 ಮಂದಿ ಸತ್ತಾಗ, ಅವಶೇಷಗಳ ನಡುವೆ ಹಗಲಿರುಳು ಜೀವ ಹುಡುಕಿದವರಲ್ಲಿ ಈ ಇಲಾಖೆಯವರಿದ್ದರು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತ ಎತ್ತಿದ ಕಾರ್ಯಾಚರಣೆಯಲ್ಲೂ ಅವರ ಬೆವರಿತ್ತು. ಇವು ಸುದ್ದಿಯಾದ ಸಂಗತಿಗಳು. ತಾಲ್ಲೂಕು ಠಾಣೆಯ ದಿನಚರಿ ಸುದ್ದಿಯಾಗುವುದಿಲ್ಲ. ಪಾಳುಬಾವಿಗೆ ಬಿದ್ದ ಎಮ್ಮೆಗೆ ಹೊಟ್ಟೆಪಟ್ಟಿ ಬಿಗಿದು ಮೇಲೆತ್ತುವುದು, ನಜ್ಜುಗುಜ್ಜಾದ ಲಾರಿಯ ಕ್ಯಾಬಿನ್ ಕತ್ತರಿಸಿ ಚಾಲಕನನ್ನು ಬಿಡಿಸುವುದು, ಕೆರೆಯಲ್ಲಿ ಮುಳುಗಿದವರ ಶವವನ್ನು ತಂದು ಮನೆಯವರ ಕೈಗೊಪ್ಪಿಸುವುದು, ಎಲ್ಲವೂ ಅದೇ ಬೆರಳೆಣಿಕೆಯ ಸಿಬ್ಬಂದಿಯ ಪಾಲಿನದು. ಸರ್ಕಾರದ ಯಾವ ಕಚೇರಿಯೂ ಇಷ್ಟು ಬೇಗ ಬಾಗಿಲು ತೆರೆಯುವುದಿಲ್ಲ. ಬಡವ ಬಲ್ಲಿದ ಎಂದು ನೋಡದೆ ಹೊರಡುವ ಗಾಡಿ ಅದು.

ಹೋದ ಸುಗ್ಗಿಯ ನಂತರ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ನಾನು ಅಲ್ಲಿದ್ದೆ. ತಾಲ್ಲೂಕು ಕೇಂದ್ರದಿಂದ ಗಾಡಿ ಬರುವಷ್ಟರಲ್ಲಿ ಊರಿನವರು ಕೊಡದಲ್ಲಿ, ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಬಣವೆಯ ಮೇಲೆ ಎರಚುತ್ತಲೇ ಇದ್ದರು. ಹೊರಮೈ ಕಪ್ಪಾಗಿ ತೊಯ್ದಿತ್ತು, ಒಳಗಡೆ ಕೆಂಡ ಹಾಗೇ ಇತ್ತು. ಗಾಡಿಯಿಂದಿಳಿದ ಹಿರಿಯ ಸಿಬ್ಬಂದಿಯೊಬ್ಬರು ಪೈಪು ಬಿಚ್ಚುವ ಮೊದಲೇ ಕೂಗಿ ಹೇಳಿದರು: “ನೀರು ಹಾಕಿದ್ರೆ ಮೇಲ್ಮೇಲೆ ಆರುತ್ತೆ ಅಷ್ಟೇ ಕಣ್ರಪ್ಪಾ. ಮೊದ್ಲು ಬಣವೆ ಕೆಡವ್ರಿ, ಗಾಳಿ ಬರೋ ಕಡೆಯಿಂದ ನಿಂತ್ಕೊಂಡು ಎಳೀರಿ. ಪಕ್ಕದ ಬಣವೆ ನೆನೆಸ್ರಿ!” ಹತ್ತಾರು ಯುವಕರು ಕವೆಗೋಲು ಹಿಡಿದು ಹುಲ್ಲನ್ನು ಎಳೆದು ಹರವಿದರು, ಹರವಿದ ಹುಲ್ಲಿನ ಮೇಲೆ ನೀರು ಬಿತ್ತು. ಉರಿಯುತ್ತಿದ್ದ ಬಣವೆ ಉಳಿಯಲಿಲ್ಲ. ಸಾಲಿನಲ್ಲಿದ್ದ ಉಳಿದ ಬಣವೆಗಳು ಉಳಿದವು. ಅಂದರೆ ಹತ್ತಾರು ದನಗಳ ಬೇಸಿಗೆಯ ಮೇವು ಉಳಿಯಿತು.

ಅಂದು ಕೆಲಸ ಮಾಡಿದ್ದು ಗಾಡಿಯ ನೀರಿಗಿಂತ ಹೆಚ್ಚಾಗಿ ಆ ಮೂರು ಮಾತು. ಕೈಗಳು ಊರಿನಲ್ಲೇ ಇದ್ದವು, ಕವೆಗೋಲುಗಳೂ ಇದ್ದವು. ಮಾತು ಮಾತ್ರ ತಾಲ್ಲೂಕು ಕೇಂದ್ರದಿಂದ ಗಾಡಿ ಹತ್ತಿ ಬರಬೇಕಾಯಿತು. ಅದೇ ಮಾತು ಸುಗ್ಗಿಗೆ ಮೊದಲೇ ಊರು ತಲುಪಿದ್ದರೆ, ಬಣವೆಗಳ ನಡುವೆ ಅಂತರ ಬಿಡಿ, ವಿದ್ಯುತ್ ತಂತಿಯ ಕೆಳಗೆ ಒಟ್ಟಬೇಡಿ ಎಂದು ಯಾರಾದರೂ ಬಂದು ಹೇಳಿಹೋಗಿದ್ದರೆ, ಮೊದಲ ಬಣವೆಯೂ ಉಳಿಯುತ್ತಿತ್ತೇನೋ.

ಅಗ್ನಿಶಾಮಕ ಸೇವೆಯ ಗುಣಮಟ್ಟವನ್ನು ಅಳೆಯಲು ನಾವು ಬಳಸುವ ಅಳತೆಗೋಲೇ ಬದಲಾಗಬೇಕು ಎಂದು ನಾನು ಹೇಳುವುದು ಇದಕ್ಕೇ. ಬಂದ ಕರೆಗಳೆಷ್ಟು, ನಷ್ಟವಾದ ಆಸ್ತಿ ಎಷ್ಟು, ಉಳಿಸಿದ ಆಸ್ತಿ ಎಷ್ಟು ಎಂದು ಠಾಣೆಗಳು ಲೆಕ್ಕ ಬರೆಯುತ್ತವೆ. ಇವು ಬೇಕಾದ ಲೆಕ್ಕಗಳೇ. ಆದರೆ ಬೆಂಕಿಯ ಹಣೆಬರಹ ತೀರ್ಮಾನವಾಗುವುದು ಗಾಡಿ ಬರುವ ಮೊದಲು. ಮಂಚ, ಸೋಫಾ, ಪ್ಲಾಸ್ಟಿಕ್ ಸಾಮಾನು ತುಂಬಿದ ಕೋಣೆಗೆ ಬೆಂಕಿ ಹತ್ತಿದರೆ ಅದು ಪೂರ್ತಿ ಉರಿಗೆ ತಿರುಗಲು ಕೆಲವೇ ನಿಮಿಷ ಸಾಕು. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗೆ, ನಮ್ಮ ರಸ್ತೆಗಳಲ್ಲಿ, ನೀರು ತುಂಬಿದ ಭಾರಿ ವಾಹನ ಎಷ್ಟೇ ಧಾವಿಸಿದರೂ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಬಂದ ಮೇಲೂ ಸಾಮಾನ್ಯ ಜಲವಾಹನದಲ್ಲಿರುವುದು ಸುಮಾರು 4,500 ಲೀಟರ್ ನೀರು. ಎರಡು ಪೈಪುಗಳಲ್ಲಿ ರಭಸವಾಗಿ ಬಿಟ್ಟರೆ ಸ್ವಲ್ಪ ಹೊತ್ತಿಗೇ ತೀರಿಹೋಗುತ್ತದೆ. ಮತ್ತೆ ತುಂಬಿಸಲು ಹತ್ತಿರದಲ್ಲಿ ಕೆರೆ, ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕ್ ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಗೊತ್ತಿರುವುದು ಊರಿನ ನೀರುಗಂಟಿಗೆ. ಸಿಬ್ಬಂದಿ ಎಷ್ಟೇ ಶೂರರಾಗಿದ್ದರೂ ಈ ದೂರವನ್ನೂ ಈ ಲೀಟರುಗಳನ್ನೂ ಬದಲಾಯಿಸಲಾರರು. ಬದಲಾಯಿಸಬಹುದಾದದ್ದು ಮೊದಲ ನಿಮಿಷಗಳಲ್ಲಿ ಅಲ್ಲಿ ಇರುವವರ ತಿಳಿವಳಿಕೆಯನ್ನು ಮಾತ್ರ.

ಆ ತಿಳಿವಳಿಕೆ ಕೊಡುವ ಕೆಲಸ ಈಗ ಹೇಗೆ ನಡೆಯುತ್ತಿದೆ? ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಡೆದ ಪ್ರಾತ್ಯಕ್ಷಿಕೆ ನೋಡಿದ್ದೇನೆ. ಮೈದಾನದ ನಡುವೆ ಸಿಲಿಂಡರ್ ಇಟ್ಟು, ಅದರ ಬಾಯಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ಆರಿಸಿ ತೋರಿಸಿದರು. ಅಗ್ನಿನಂದಕದ ಪಿನ್ ಕಿತ್ತು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ ಅತ್ತಿತ್ತ ಬೀಸಬೇಕೆಂದು ವಿವರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅಗ್ನಿನಂದಕವನ್ನು ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕಿದ್ದು ಮುಖ್ಯ ಶಿಕ್ಷಕರಿಗೆ ಮತ್ತು ಇಬ್ಬರು ಹುಡುಗರಿಗೆ. ಬಿಸಿಯೂಟದ ಅಡುಗೆಯವರು ಹಿಂದೆ, ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ಅವರಲ್ಲೊಬ್ಬರು ಸೆರಗು ಸರಿಮಾಡಿಕೊಂಡು ಕೇಳಿದರು: “ಸಾರ್, ಪೈಪಿಗೆ ಉರಿ ಹತ್ತಿದ್ರೆ ರೆಗ್ಯುಲೇಟರ್ ಮುಟ್ಬೌದಾ? ಮುಟ್ಟಿದ್ರೆ ಸಿಡಿಯತ್ತೆ ಅಂತಾರೆ.” ಆ ಇಡೀ ಕಾರ್ಯಕ್ರಮದ ಅತ್ಯಂತ ಮುಖ್ಯವಾದ ಪ್ರಶ್ನೆ ಅದು. ಠಾಣಾಧಿಕಾರಿ ತಾಳ್ಮೆಯಿಂದ ಉತ್ತರಿಸಿದರು: “ಮುಟ್ಬೌದಮ್ಮ. ಒದ್ದೆ ಬಟ್ಟೆ ಹೊದಿಸಿ ಉರಿ ತಗ್ಗಿಸಿ, ರೆಗ್ಯುಲೇಟರ್ ಆಫ್ ಮಾಡಿ. ಕಿಟಕಿ ಬಾಗಿಲು ತೆಗೀರಿ, ಲೈಟಿನ ಸ್ವಿಚ್ ಮಾತ್ರ ಮುಟ್ಬೇಡಿ.” ಆದರೆ ಆಗ ಸಿಲಿಂಡರ್ ತಣ್ಣಗಾಗಿತ್ತು, ಗೋಣಿಚೀಲ ಗಾಡಿ ಸೇರಿತ್ತು. ದಿನವೂ ಉರಿಯ ಮುಂದೆ ನಿಲ್ಲುವ ಆ ಹೆಂಗಸಿನ ಕೈಗೆ ಒದ್ದೆ ಚೀಲ ಬರಲೇ ಇಲ್ಲ.

ನೋಡಿ ಕಲಿತ ಈಜು ನೀರಿಗಿಳಿದಾಗ ಕೈಹಿಡಿಯುವುದಿಲ್ಲ. ಬೆಂಕಿಯ ವಿಷಯವೂ ಹಾಗೇ. ಕೈಯಾರೆ ಒಮ್ಮೆ ಆರಿಸಿದವರಿಗೆ ಇರುವ ಧೈರ್ಯ ನೂರು ಸಲ ನೋಡಿದವರಿಗೆ ಇರುವುದಿಲ್ಲ. ಹತ್ತು ಶಾಲೆಗಳಲ್ಲಿ ಪ್ರದರ್ಶನ ಕೊಡುವ ಬದಲು ಎರಡೇ ಕಡೆ, ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದವರು, ಸ್ತ್ರೀಶಕ್ತಿ ಸಂಘದ ಸದಸ್ಯೆಯರು, ಹೋಟೆಲಿನ ಅಡುಗೆಭಟ್ಟರು ಒಬ್ಬೊಬ್ಬರಾಗಿ ಬಂದು ಉರಿ ಆರಿಸುವಂತೆ ಮಾಡಿದರೆ ಫೋಟೊಗೆ ಬೀಳುವ ಜನ ಕಡಿಮೆಯಾದಾರು, ಕಲಿತವರು ಹೆಚ್ಚಾಗುತ್ತಾರೆ.

ಕಾಲದ ಆಯ್ಕೆಯಲ್ಲೂ ತೊಡಕಿದೆ. ಏಪ್ರಿಲ್ ಎರಡನೆಯ ವಾರಕ್ಕೆಲ್ಲ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ. ಸಪ್ತಾಹ ನಡೆಯುವಾಗ ಮಕ್ಕಳೇ ಶಾಲೆಯಲ್ಲಿರುವುದಿಲ್ಲ. ಹುಲ್ಲಿನ ಬಣವೆ, ಕಬ್ಬಿನ ಗದ್ದೆ, ಒಣಗಿದ ಗೋಮಾಳ ಉರಿಯುವ ಕಾಲ ಜನವರಿಯಿಂದಲೇ ಆರಂಭವಾಗಿ ಆ ಹೊತ್ತಿಗೆ ಮುಕ್ಕಾಲು ಕಳೆದಿರುತ್ತದೆ. ಹುತಾತ್ಮರ ದಿನ ಏಪ್ರಿಲ್‌ನಲ್ಲೇ ಇರಲಿ. ಹಳ್ಳಿಗಳಿಗೆ ಹೋಗುವ ಕೆಲಸ ಸುಗ್ಗಿಗೆ ಮುಂಚೆ, ನವೆಂಬರ್ ಡಿಸೆಂಬರ್‌ನಲ್ಲಿ ಆಗಬೇಕು. ಕೆಲವು ಠಾಣಾಧಿಕಾರಿಗಳು ಸ್ವಂತ ಕಾಳಜಿಯಿಂದ ಹಾಗೆ ಹೋಗುವುದುಂಟು. ಆದರೆ ಅವರಿಗೆ ವರ್ಗವಾದೊಡನೆ ಆ ರೂಢಿಯೂ ನಿಂತುಹೋಗುತ್ತದೆ.

ನಗರದ ಚಿತ್ರ ಬೇರೆ, ಪಾಠ ಅದೇ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತುಂಬಿದ ಕಟ್ಟಡದಿಂದ ಇಳಿದು ಬರಲು ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಅವರು ಸಂಕಟವನ್ನು ನುಂಗಿಕೊಂಡು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ, ಅಗ್ನಿ ಸುರಕ್ಷತೆಯ ಅರಿವಿಗಾಗಿ ದುಡಿಯುತ್ತ ಬಂದಿದ್ದಾರೆ. ಇಂಥ ಕೆಲಸಕ್ಕೆ ಒಬ್ಬ ತಂದೆಯ ದುಃಖ ಕಾರಣವಾಗಬೇಕಾಯಿತು ಎಂಬುದು ನಮ್ಮ ವ್ಯವಸ್ಥೆಯ ಮೇಲಿನ ಗಂಭೀರ ಟೀಕೆ. 2023ರ ಆರಂಭದಲ್ಲಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನ ಬೆಂಗಳೂರಿಗೆ ಬಂತು, ಬರಬೇಕಾದದ್ದೇ. ಆದರೆ ಎಷ್ಟೇ ಎತ್ತರದ ಏಣಿಯೂ ಬೀಗ ಜಡಿದ ಮೆಟ್ಟಿಲ ಬಾಗಿಲಿಗೆ ಪರಿಹಾರವಲ್ಲ. ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ಕೊಟ್ಟ ದಿನ ಎಲ್ಲವೂ ಸರಿಯಿರಬಹುದು. ಎರಡು ವರ್ಷದ ನಂತರ ಅದೇ ಮೆಟ್ಟಿಲಲ್ಲಿ ಹಳೆ ಪೀಠೋಪಕರಣ ಪೇರಿಸಿರುತ್ತಾರೆ. ಅದನ್ನು ದಿನವೂ ನೋಡುವವರು ಅಲ್ಲಿ ವಾಸಿಸುವವರು, ಕೆಲಸ ಮಾಡುವವರು. ಹೊಗೆ ತುಂಬಿದಾಗ ಬಗ್ಗಿ ನಡೆಯಬೇಕು, ಲಿಫ್ಟ್ ಹತ್ತಬಾರದು ಎಂಬುದರ ಜತೆಗೆ, ಮೆಟ್ಟಿಲಿನ ಬಾಗಿಲಿಗೆ ಬೀಗ ಕಂಡರೆ ದೂರು ಕೊಡುವುದು ತಮ್ಮ ಹಕ್ಕು ಎಂಬುದನ್ನೂ ಇಲಾಖೆ ಅವರಿಗೆ ಕಲಿಸಬೇಕು.

ಜನರ ಕಣ್ಣಿಗೆ ಬೀಳುವ ಕೆಲಸವೆಲ್ಲ ಜನರಿಗೆ ಉಪಯೋಗದ ಕೆಲಸವಾಗಬೇಕೆಂದಿಲ್ಲ. 2020ರಲ್ಲಿ ಕೋವಿಡ್ ಹಬ್ಬಿದಾಗ ಅಗ್ನಿಶಾಮಕ ವಾಹನಗಳು ಬೀದಿ ಬೀದಿಯಲ್ಲಿ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಸಿಂಪಡಿಸಿದವು. ರಸ್ತೆಗಳಿಗೆ ಹೀಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿತು. ಸೋಂಕಿನ ಭಯದ ನಡುವೆ ಬೀದಿಗಿಳಿದ ಸಿಬ್ಬಂದಿಯ ನಿಷ್ಠೆ ದೊಡ್ಡದು. ಅವರ ಶ್ರಮವನ್ನು ಎಲ್ಲಿ ತೊಡಗಿಸಬೇಕೆಂಬ ತೀರ್ಮಾನ ಮಾತ್ರ ಸರಿಯಿರಲಿಲ್ಲ.

ಊರಿಗೂ ಠಾಣೆಗೂ ನಡುವಿನ ಅಂತರಕ್ಕೆ ಆಡಳಿತದ ಕಾರಣವೂ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಹೊಣೆಗಳ ಪಟ್ಟಿಯಿದೆ, ಅಗ್ನಿಶಾಮಕ ಸೇವೆ ಅದರಲ್ಲೊಂದು. ಮುಂಬೈಯಲ್ಲಿ ಅದು ಮಹಾನಗರ ಪಾಲಿಕೆಯ ಕೈಯಲ್ಲಿದೆ. ನಮ್ಮಲ್ಲಿ ಗೃಹ ಇಲಾಖೆಯ ಅಧೀನದಲ್ಲಿದೆ. ಇದರಿಂದ ಲಾಭವಿದೆ: ಇಡೀ ರಾಜ್ಯಕ್ಕೆ ಒಂದೇ ತರಬೇತಿ, ಒಂದೇ ಶಿಸ್ತು, ಒಂದು ಜಿಲ್ಲೆಯ ನೆರೆಗೆ ಇನ್ನೊಂದು ಜಿಲ್ಲೆಯ ದೋಣಿ ಬರುತ್ತದೆ. ಬಡ ಪುರಸಭೆಗಳ ಹೆಗಲಿಗೆ ಇದನ್ನು ದಾಟಿಸಿದರೆ ಸೇವೆ ಸೊರಗೀತು. ಆದರೆ ಈಗಿನ ಏರ್ಪಾಡಿನಲ್ಲಿ ಪುರಸಭೆ ಸದಸ್ಯರಿಗಾಗಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಾಗಲಿ ಠಾಣೆ ತಮ್ಮದೆನಿಸುವುದಿಲ್ಲ. ನಲ್ಲಿ ಪೈಪು ಹಾಕುವಾಗ ಗಾಡಿಗೆ ನೀರು ತುಂಬಿಸಲು ಒಂದು ಕವಲು ಬಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅಧೀನ ಬದಲಾಗಬೇಕಾಗಿಲ್ಲ. ಠಾಣಾಧಿಕಾರಿಗೆ ಪುರಸಭೆ ಸಭೆಯಲ್ಲಿ ಕುರ್ಚಿ, ಗ್ರಾಮಸಭೆಯಲ್ಲಿ ವರ್ಷಕ್ಕೊಂದು ದಿನ, ಪ್ರತಿ ಪಂಚಾಯಿತಿಯಲ್ಲೂ ನೀರಿನ ಮೂಲಗಳ ಪಟ್ಟಿ, ಇಷ್ಟಾದರೂ ಸಿಗಬೇಕು.

ನೆರೆಯ ಕೇರಳ 2019ರಿಂದ ಪ್ರತಿ ಠಾಣೆಗೂ 50 ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಟ್ಟು ಠಾಣೆಯ ಜತೆಗೇ ಉಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದೆ. ನಮ್ಮಲ್ಲೂ ಗೃಹರಕ್ಷಕರಿದ್ದಾರೆ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆಯಡಿ 12 ದಿನ ತರಬೇತಿ ಪಡೆದ ಯುವಜನರಿದ್ದಾರೆ. ಕೊರತೆಯಿರುವುದು ಅವರನ್ನು ಹತ್ತಿರದ ಠಾಣೆಗೆ ಕಟ್ಟಿಹಾಕುವ ಕೊಂಡಿಯದು. ಪ್ರಮಾಣಪತ್ರ ಪಡೆದವರನ್ನು ವರ್ಷಕ್ಕೆರಡು ಸಲವಾದರೂ ಠಾಣೆಗೆ ಕರೆದು ಅಭ್ಯಾಸ ಮಾಡಿಸದಿದ್ದರೆ ಕಲಿತದ್ದು ಮರೆತುಹೋಗುತ್ತದೆ.

ಊರಿನವರ ಪಾಲಿನ ಲೋಪವನ್ನೂ ಹೇಳದಿದ್ದರೆ ಈ ವಿಮರ್ಶೆ ಒಂದು ಕಡೆಗೆ ವಾಲುತ್ತದೆ. ಗಾಡಿಗೆ ದಾರಿ ಬಿಡದೆ ಮೊಬೈಲ್ ಹಿಡಿದು ಸುತ್ತುಗಟ್ಟುವವರು ನಾವೇ. ತಡವಾಯಿತೆಂದು ದಣಿದು ಬಂದ ಸಿಬ್ಬಂದಿಯ ಮೇಲೆ ಕೂಗಾಡುವವರೂ ನಾವೇ. ಬೆಂಕಿ ಕಂಡೊಡನೆ 101ಕ್ಕೋ 112ಕ್ಕೋ ಕರೆ ಮಾಡುವ ಬದಲು ಗುರುತಿನವರಿಗೆಲ್ಲ ಫೋನ್ ಮಾಡುತ್ತ ಕೂರುತ್ತೇವೆ. ಅನಿಲ ಸೋರಿದರೆ 1906 ಎಂಬ ಸಂಖ್ಯೆಯಿದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ.

ಒಟ್ಟಾರೆ ನನ್ನ ತೀರ್ಮಾನವಿಷ್ಟು: ರಕ್ಷಣೆಯಲ್ಲಿ ನಮ್ಮ ಅಗ್ನಿಶಾಮಕ ಸೇವೆ ಮೆಚ್ಚುಗೆಗೆ ಪೂರ್ತಿ ಅರ್ಹ, ಊರಿಗೆ ಕಲಿಸುವುದರಲ್ಲಿ ಇನ್ನೂ ಆರಂಭದ ಹಂತದಲ್ಲಿದೆ. ಎರಡನೆಯದನ್ನು ಕರೆಗಳ ನಡುವಿನ ಬಿಡುವಿನಲ್ಲಿ ಮಾಡಿ ಎಂದು ಈಗಿರುವ ಸಿಬ್ಬಂದಿಗೆ ಹೇಳುವುದು ಅನ್ಯಾಯ. ಪ್ರತಿ ಠಾಣೆಗೆ ಈ ಕೆಲಸಕ್ಕೆಂದೇ ಒಬ್ಬರನ್ನಾದರೂ ಸರ್ಕಾರ ನೇಮಿಸಲಿ. ವರ್ಷದ ಕೊನೆಯಲ್ಲಿ ಠಾಣೆ ಬರೆಯುವ ಲೆಕ್ಕದಲ್ಲಿ, ಉಳಿಸಿದ ಆಸ್ತಿಯ ಅಂಕಣದ ಪಕ್ಕಕ್ಕೆ ಇನ್ನೊಂದು ಅಂಕಣ ಸೇರಲಿ: ಈ ವರ್ಷ ತಮ್ಮ ಕೈಯಾರೆ ಬೆಂಕಿ ಆರಿಸಲು ಕಲಿತವರು ಎಷ್ಟು ಜನ, ಯಾವ ಊರಿನವರು. ಆ ಅಂಕಣ ತುಂಬುತ್ತಾ ಹೋದಂತೆ ಗಾಡಿ ತಲುಪುವ ಹೊತ್ತಿಗೆ ಉಳಿಸಲು ಏನಾದರೂ ಉಳಿದಿರುತ್ತದೆ.