ಕುಮಟಗಿಯ ನೀರಿನ ಕುಶಲತೆ

ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದು ಸುಮಾರು 20 ಕಿ.ಮೀ. ಹೋದರೆ ಕುಮಟಗಿ. ಆದಿಲ್‌ಶಾಹಿ ಅರಸರ ಬೇಸಿಗೆಯ ವಿಹಾರಧಾಮ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಏಪ್ರಿಲ್ ಬಿಸಿಲು ಉಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಬಂದವರು ಹೊಂಡದ ನಡುವಿನ ಎರಡಂತಸ್ತಿನ ಮಂಟಪದ ಫೋಟೊ ತೆಗೆದು ಹೊರಟುಬಿಡುತ್ತಾರೆ. ತಲೆಯೆತ್ತಿ ಚಾವಣಿ ನೋಡಬೇಕು! ಗಚ್ಚಿನ ಒಳಗೆ ಕೊಳವೆ ಹುದುಗಿಸಿ, ಕಮಾನಿನ ಮೇಲಿನಿಂದಲೇ ತುಂತುರು ಮಳೆ ಸುರಿಯುವಂತೆ ಮಾಡಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಎತ್ತರದ ಗೋಪುರದಿಂದ ಇಳಿಯುತ್ತಿದ್ದ ನೀರಿನ ಒತ್ತಡವೇ ಬಂಡವಾಳ. ವಿಜಯಪುರದ ಗಂಜ್ ಎಂಬ ನೀರಿನ ಗೋಪುರಗಳಲ್ಲಿ ಇದೇ ಜಾಣತನದ ಇನ್ನೊಂದು ಮುಖ: ನೀರು ಅಲ್ಲಿ ದಣಿವಾರಿಸಿಕೊಳ್ಳುತ್ತಿತ್ತು, ಒತ್ತಡ ತಗ್ಗುತ್ತಿತ್ತು, ಕೆಸರು ತಳಕ್ಕಿಳಿಯುತ್ತಿತ್ತು. ಕೊಳವೆ ಒಡೆಯದಂತೆ, ಕಾರಂಜಿ ಸೊರಗದಂತೆ ಲೆಕ್ಕ ಹಾಕಿದ ಆ ಕೈಗಳಿಗೆ ಎಷ್ಟು ಶರಣೆಂದರೂ ಸಾಲದು.

ಗೋಡೆಗಳ ಮೇಲೆ ಕುಸ್ತಿಪಟುಗಳು, ಕುದುರೆಯೇರಿ ಪೋಲೊ ಆಡುವವರು ಮಸುಕಾಗಿ ಉಳಿದಿದ್ದಾರೆ. ಅವರ ಮೈಮೇಲೆಯೇ ಮೊಳೆಯಿಂದ ಗೀಚಿದ ಹೆಸರುಗಳು. ಕಂಡರೆ ಹೊಟ್ಟೆ ಉರಿಯುತ್ತದೆ. 1916ರಲ್ಲಿ ಪ್ರಕಟವಾದ ವಿಜಯಪುರ ವಾಸ್ತುಶಿಲ್ಪದ ಗ್ರಂಥದಲ್ಲಿ ಪುರಾತತ್ತ್ವಜ್ಞ ಹೆನ್ರಿ ಕಸಿನ್ಸ್ ಈ ತಾಣವನ್ನೂ ದಾಖಲಿಸಿದ್ದರು.

ಇಂಥ ಜಾಗವನ್ನು ಉಳಿಸುವುದೆಂದರೆ ಹುಲ್ಲುಹಾಸು ಬೆಳೆಸಿ ಬೇಲಿ ಹಾಕುವುದಷ್ಟೇ ಅಲ್ಲ. ಕೆರೆ, ಗೋಪುರ, ಕೊಳವೆ, ಹೊಂಡ ಎಲ್ಲ ಸೇರಿ ಒಂದೇ ಕೃತಿ. ಒಂದನ್ನು ಬಿಟ್ಟರೆ ಉಳಿದದ್ದು ಅರ್ಥವಾಗದು. ಬಿರುಕಿಗೆ ಸುಣ್ಣದ ಗಾರೆಯೇ ಬೇಕು. ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ಹಳೆಯ ಗಚ್ಚು ಹೊಪ್ಪಳಿಕೆಯೆದ್ದು ಉದುರುತ್ತದೆ.