ಹೇಳುವ ಗೆಳೆಯರು, ಕೇಳುವ ಗೆಳೆಯರು

ಕಳೆದ ದಸರಾ ರಜೆಗೆ ಮಗಳು ಊರಿಗೆ ಬಂದಿದ್ದಳು. ಹಬ್ಬದ ಮರುದಿನ ಪಾತ್ರೆ ಪರಡಿ ಎಲ್ಲ ಎತ್ತಿಟ್ಟು ತಾಯಿ ಮಗಳು ಟಿವಿ ಮುಂದೆ ಕೂತೆವು. ‘ಛಿಛೋರೆ’ ಎಂಬ ಹಿಂದಿ ಚಿತ್ರ. 2019ರಲ್ಲಿ ಬಂದದ್ದು, ನಿರ್ದೇಶಕರು ನಿತೇಶ್ ತಿವಾರಿ. ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿದೆ. ಹಾಸ್ಟೆಲ್ ಹುಡುಗರ ಪುಂಡಾಟದ ಕಥೆಯೆಂದು ಕೂತವಳು ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಗಳು ಮಾತ್ರ, “ಚೆನ್ನಾಗಿದೆ ಅಮ್ಮ. ಆದರೆ ಎಲ್ಲರೂ ಹೇಳಿದ್ದೇ ಹೇಳಿದ್ದು, ಆ ಹುಡುಗನನ್ನು ಯಾರೂ ಕೇಳಲೇ ಇಲ್ಲವಲ್ಲ” ಎಂದಳು. ಆ ಮಾತು ನನ್ನನ್ನು ಬಿಡಲಿಲ್ಲ.

ಕಥೆ ಹೀಗಿದೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಗದ ಹುಡುಗ ರಾಘವ ಪ್ರಾಣ ಕಳೆದುಕೊಳ್ಳಲು ಹೋಗಿ ಆಸ್ಪತ್ರೆ ಸೇರುತ್ತಾನೆ. ಅವನಿಗೆ ಬದುಕುವ ಮನಸ್ಸೇ ಇಲ್ಲ ಎನ್ನುತ್ತಾರೆ ವೈದ್ಯರು. ಆಗ ತಂದೆ ತನ್ನ ಹಾಸ್ಟೆಲ್ ದಿನಗಳ ಕಥೆ ಹೇಳತೊಡಗುತ್ತಾನೆ. ಮಗ ನಂಬುವುದಿಲ್ಲ. ಹಳೆಯ ಗೆಳೆಯರು ಊರೂರಿನಿಂದ ಬಂದು ಮಂಚದ ಸುತ್ತ ನಿಂತು, ಕ್ರೀಡಾಕೂಟದಲ್ಲಿ ತಾವೆಲ್ಲ ಸೋತದ್ದನ್ನು ಹೇಳುತ್ತಾರೆ. ಪಾಸಾದರೆ ಏನು ಮಾಡೋಣ ಎಂದು ಮಗನಿಗೆ ಹೇಳಿದ್ದೆ, ಫೇಲಾದರೆ ಏನು ಎಂದು ಹೇಳಲಿಲ್ಲ ಎಂದು ತಂದೆ ಮರುಗುವ ಮಾತು ನಮ್ಮಂಥ ಎಷ್ಟೋ ತಾಯಂದಿರಿಗೂ ತಾಗುತ್ತದೆ.

ಚಿತ್ರ ಹಿಡಿದ ಸತ್ಯ ದೊಡ್ಡದು. ಗೆದ್ದವರ ಉಪದೇಶಕ್ಕಿಂತ ಸೋತವರ ಅನುಭವಕ್ಕೆ ಬಲ ಹೆಚ್ಚು. ಸಮೂಹ ಚಿಕಿತ್ಸೆಯ ಕುರಿತು 1970ರಲ್ಲಿ ಗ್ರಂಥ ಬರೆದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್, ‘ಈ ಕಷ್ಟ ನನಗೊಬ್ಬನಿಗೇ ಅಲ್ಲ’ ಎಂಬ ಅರಿವನ್ನೇ ಗುಣಪಡಿಸುವ ಅಂಶಗಳಲ್ಲಿ ಒಂದೆಂದು ಗುರುತಿಸಿದ್ದಾರೆ. ಬಾವಿಕಟ್ಟೆಯಲ್ಲಿ ನಿಂತು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು.

ಆದರೆ ಮಗಳ ಆಕ್ಷೇಪವೂ ಸರಿಯೇ. ರಾಘವ ಕಥೆ ಕೇಳುತ್ತಾನೆ, ಮುಂದೇನಾಯಿತು ಎನ್ನುತ್ತಾನೆ. ಅವನ ಮನಸ್ಸಿನೊಳಗೆ ಅಷ್ಟು ದಿನ ಏನು ನಡೆಯಿತೆಂದು ಬಿಡಿಸಿ ಕೇಳುವವರಿಲ್ಲ. ಅವನ ಓರಗೆಯ ಹುಡುಗರಿಗೂ ಚಿತ್ರದಲ್ಲಿ ಹೆಚ್ಚು ಕೆಲಸವಿಲ್ಲ.

ಅವಳು ಹಾಗೆ ಹೇಳಲು ಕಾರಣವಿತ್ತು. ಎರಡನೇ ವರ್ಷದಲ್ಲಿ ಎರಡು ವಿಷಯ ಉಳಿಸಿಕೊಂಡಾಗ ತಿಂಗಳುಗಟ್ಟಲೆ ನಮಗೆ ತಿಳಿಸಿರಲಿಲ್ಲ. ತಿಳಿಸಿದ ರಾತ್ರಿ ನಾನು ಫೋನಿನಲ್ಲೇ ಅರ್ಧ ಗಂಟೆ ಟೀಚರಾದೆ. ನಾಲ್ಕಕ್ಕೆ ಏಳು, ಟೈಮ್ ಟೇಬಲ್ ಹಾಕಿಕೋ, ಮೊಬೈಲ್ ಬದಿಗಿಡು. ಅವಳು ‘ಹೂಂ’ ಎಂದು ಇಟ್ಟುಬಿಟ್ಟಳು. ಕೊನೆಗೆ ಅವಳನ್ನು ಎತ್ತಿದ್ದು ಕಾಲೇಜಿನ ಒಂದು ಗುಂಪು. ವಾರಕ್ಕೊಮ್ಮೆ ಎಂಟು ಮಕ್ಕಳು, ಜೊತೆಗೊಬ್ಬ ಆಪ್ತಸಮಾಲೋಚಕಿ. ಅಲ್ಲಿ ಮೂರು ಕಟ್ಟಳೆ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಕೇಳದೆ ಬುದ್ಧಿ ಹೇಳಬಾರದು. ಅಲ್ಲಿಯ ಮಾತು ಹೊರಗೆ ಹೋಗಬಾರದು, ಆದರೆ ಯಾರಾದರೂ ಜೀವದ ಮಾತೆತ್ತಿದರೆ ಅದನ್ನು ಗುಟ್ಟಾಗಿಡದೆ ಸಮಾಲೋಚಕಿಗೆ ತಿಳಿಸಬೇಕು. “ಅಲ್ಲಿ ಅತ್ತರೂ ಯಾರೂ ಗಾಬರಿಯಾಗಲ್ಲ ಅಮ್ಮ” ಎಂದಿದ್ದಳು. ಆಗ ನನಗೆ ಅಸೂಯೆಯಾಗಿತ್ತು, ಸುಳ್ಳೇಕೆ ಹೇಳಲಿ?

ಈ ಕಣ್ಣಿನಿಂದ ನೋಡಿದರೆ ಚಿತ್ರದ ಇನ್ನೊಂದು ಕೊರತೆ ಕಾಣುತ್ತದೆ. ಅಮ್ಮನಿಗಾಗಿ ಹಂಬಲಿಸುವ ಹುಡುಗನಿಗೆ ಹಾಸ್ಟೆಲಿನಲ್ಲಿ ‘ಮಮ್ಮಿ’ ಎಂದೇ ಹೆಸರು. ಸದಾ ಕುಡಿಯುವವನಿಗೆ ‘ಬೇವ್ಡಾ’, ಅಂದರೆ ಕುಡುಕ. ಇಬ್ಬರ ಒಳನೋವೂ ನಗೆಯಲ್ಲಿ ತೇಲಿಹೋಗುತ್ತದೆ. ಅಂಥ ಗೆಳೆಯರು ಜೀವಕ್ಕೆ ಜೀವ ಕೊಡುವವರೇ ಇರಬಹುದು. ಆದರೆ ಅಡ್ಡಹೆಸರಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುವ ಮಗುವಿನ ಗತಿಯೇನು? ಗೆಳೆತನ ಅದೃಷ್ಟವಿದ್ದವರಿಗೆ ಸಿಗುತ್ತದೆ. ಅದಿಲ್ಲದವರಿಗೆ ಕಾಲೇಜೇ ಒಂದು ಜಾಗ ಮಾಡಿಕೊಡಬೇಕು. ಚಿತ್ರ ಈ ಪ್ರಶ್ನೆಯ ಹತ್ತಿರಕ್ಕೂ ಹೋಗುವುದಿಲ್ಲ.

ಪ್ರಶ್ನೆ ಸಣ್ಣದಲ್ಲ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. 100ಕ್ಕಿಂತ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 2022ರಿಂದ ಇದೆ, ಕನ್ನಡದಲ್ಲೂ ಮಾತಾಡಬಹುದು. ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸುವಾಗ ಫೀಸು, ಮೆಸ್ಸು ವಿಚಾರಿಸುವ ನಾವು, ಸಮಾಲೋಚಕರು ಇದ್ದಾರೆಯೇ, ಮಕ್ಕಳು ಕೂತು ಮಾತಾಡುವ ಗುಂಪು ಇದೆಯೇ ಎಂದೂ ಕೇಳಬೇಕು.

ಚಿತ್ರವನ್ನು ನೋಡಬೇಡಿ ಎನ್ನಲಾರೆ. ಮಕ್ಕಳ ಜೊತೆಗೇ ನೋಡಿ. ಮುಗಿದ ಮೇಲೆ ಟಿವಿ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಆ ದಿನ ನಾನು ಕೂತಿದ್ದೆ. ಮೊದಲ ಹತ್ತು ನಿಮಿಷ ಮಗಳು ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.