ಒತ್ತಡವನ್ನು ಗೆದ್ದ ಕೋಶ: ಎರಡು ಪ್ರಯೋಗಗಳ ವಿಮರ್ಶೆ

ಅತಿಯಾದ ಒತ್ತಡದಲ್ಲಿ ಬ್ಯಾಕ್ಟೀರಿಯಾ ಹೇಗೆ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಎರಡನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ. ಒಂದು 1997ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕ್ರಿಸ್ ಮಿಖೀಲ್ಸ್ ಅವರ ಬಳಗ ಪ್ರಕಟಿಸಿದ್ದು. ಇನ್ನೊಂದು 2002ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯ ಅನುರಾಗ್ ಶರ್ಮಾ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಹೇಳಿಕೆಯ ದಿಟ್ಟತನದಲ್ಲಿ ಎರಡನೆಯದು ಮುಂದಿದ್ದರೂ, ಅನಂತರದವರು ಕಾಲೂರಿ ನಿಲ್ಲಬಹುದಾದ ಗಟ್ಟಿ ನೆಲವನ್ನು ಒದಗಿಸಿದ್ದು ಮೊದಲನೆಯದೇ.

ಒತ್ತಡವನ್ನು ಇಲ್ಲಿ ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೆಗಾಪಾಸ್ಕಲ್ ಎಂದರೆ ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು, ಸಾಗರದ ಅತ್ಯಂತ ಆಳದ ತಾಣವಾದ ಮರಿಯಾನಾ ಕಂದರದ ತಳದಲ್ಲಿ ಒತ್ತಡ 110 ಮೆಗಾಪಾಸ್ಕಲ್‌ನಷ್ಟಿರುತ್ತದೆ. ಒತ್ತಡವು ಅಣುಗಳ ಬಲವಾದ ರಾಸಾಯನಿಕ ಬಂಧಗಳನ್ನು ಮುರಿಯದೆ, ಪ್ರೋಟೀನಿನ ಮಡಿಕೆಗಳನ್ನು ಹಿಡಿದಿಟ್ಟ ದುರ್ಬಲ ಸೆಳೆತಗಳನ್ನು ಸಡಿಲಿಸುತ್ತದೆ, ಕೋಶಪೊರೆಯ ಕೊಬ್ಬನ್ನು ಒತ್ತಿ ಗಡುಸಾಗಿಸುತ್ತದೆ, ಪ್ರೋಟೀನು ತಯಾರಿಸುವ ಕಣಗಳಾದ ರೈಬೋಸೋಮುಗಳನ್ನು ಬಿಡಿಬಿಡಿಯಾಗಿಸುತ್ತದೆ. ಕರುಳಿನಲ್ಲಿ ವಾಸಿಸುವ ಎಸ್ಚೆರಿಶಿಯಾ ಕೋಲೈ, ಅಂದರೆ ಈ-ಕೋಲೈ, ಸುಮಾರು 10 ಮೆಗಾಪಾಸ್ಕಲ್‌ನಲ್ಲಿಯೇ ಚಲನೆ ಕಳೆದುಕೊಳ್ಳತೊಡಗುತ್ತದೆ. ಇನ್ನೂ ಮೇಲೇರಿದರೆ ಬೆಳೆದರೂ ಎರಡಾಗಿ ಒಡೆಯಲಾರದೆ ಉದ್ದನೆಯ ಎಳೆಯಾಗಿ ಉಳಿಯುತ್ತದೆ. 1993ರ ಒಂದು ಅಧ್ಯಯನದಲ್ಲಿ ಸುಮಾರು 55 ಮೆಗಾಪಾಸ್ಕಲ್‌ನಲ್ಲಿ ಅದು 55 ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸಿತು, ಅವುಗಳಲ್ಲಿ ಬಿಸಿಯ ಆಘಾತಕ್ಕೆ ಹುಟ್ಟುವ ಪ್ರೋಟೀನುಗಳೂ ತಂಪಿನ ಆಘಾತಕ್ಕೆ ಹುಟ್ಟುವವೂ ಜೊತೆಜೊತೆಯಾಗಿ ಕಾಣಿಸಿಕೊಂಡವು. ಪರಸ್ಪರ ವಿರುದ್ಧವಾದ ಎರಡು ಸಂಕಟಗಳಿಗೆ ಕೋಶ ಒಟ್ಟಿಗೆ ಉತ್ತರಿಸಬೇಕಾದುದು ವಿಚಿತ್ರವೆನಿಸಬಹುದು; ಆದರೆ ಒತ್ತಡದಲ್ಲಿ ಪೊರೆ ಚಳಿಗೆ ಸಿಕ್ಕಂತೆಯೂ ಪ್ರೋಟೀನು ಬಿಸಿಗೆ ಸಿಕ್ಕಂತೆಯೂ ವರ್ತಿಸುವುದರಿಂದ ಇದಕ್ಕೆ ಅರ್ಥವಿದೆ.

ಲ್ಯೂವೆನ್‌ನ ವಿಧಾನ ಸರಳವಾಗಿದ್ದು, ಆ ಸರಳತೆಯೇ ಅದರ ಬಲ. ಈ-ಕೋಲೈನ ಒಂದು ತಳಿಯನ್ನು ಒತ್ತಡಕ್ಕೆ ಒಡ್ಡುವುದು, ಬದುಕುಳಿದ ಕೋಶಗಳನ್ನು ಬೆಳೆಸುವುದು, ಬೆಳೆದವನ್ನು ಮತ್ತೆ ಒತ್ತಡಕ್ಕೆ ಒಡ್ಡುವುದು, ಹೀಗೆ ಸುತ್ತುಗಳನ್ನು ಪುನರಾವರ್ತಿಸಿ ಅವರು ಬೇರೆಬೇರೆಯಾಗಿ ಮೂರು ಸಹಿಷ್ಣು ತಳಿಗಳನ್ನು ಪಡೆದರು. ಹದಿನೈದು ನಿಮಿಷಗಳ ಒತ್ತಡದ ಅನಂತರ ಮೂಲ ತಳಿಯಲ್ಲಿ 700 ಮೆಗಾಪಾಸ್ಕಲ್‌ಗೆ ಉಳಿದದ್ದು ಸಾವಿರ ಕೋಟಿ ಕೋಶಗಳಿಗೆ ಎರಡರಷ್ಟು. ಹೊಸ ತಳಿಗಳಲ್ಲಿ ಅದಕ್ಕೂ ಹೆಚ್ಚಿನ 800 ಮೆಗಾಪಾಸ್ಕಲ್‌ಗೆ ಉಳಿದದ್ದು ನೂರಕ್ಕೆ ಒಂದರ ಆಸುಪಾಸು. ಸಹಿಷ್ಣುತೆ ಮರಿಕೋಶಗಳಿಗೂ ಸಾಗಿದ್ದರಿಂದ ಇದು ಅದೃಷ್ಟದ ಉಳಿವಲ್ಲ, ವಂಶಪಾರಂಪರ್ಯದ ಗುಣವೆಂಬುದು ನಿರ್ವಿವಾದವಾಯಿತು. ಮುಂದಿನ ವರ್ಷಗಳಲ್ಲಿ ಅದೇ ಬಳಗ, ಹಾನಿಗೊಂಡ ಪ್ರೋಟೀನುಗಳನ್ನು ನೇರ್ಪಡಿಸುವ ಬಿಸಿ-ಆಘಾತ ಪ್ರೋಟೀನುಗಳು ಈ ತಳಿಗಳಲ್ಲಿ ಮೊದಲೇ ಹೆಚ್ಚಾಗಿರುತ್ತವೆ ಎಂದು ತೋರಿಸಿತು. ಒತ್ತಡವು ಈ-ಕೋಲೈನ ಎಮ್‌ಆರ್‌ಆರ್ ಎಂಬ ಕಿಣ್ವವನ್ನು ಚುರುಕುಗೊಳಿಸಿ, ಅದು ಸ್ವಂತ ಡಿಎನ್‌ಎಯನ್ನೇ ಕತ್ತರಿಸುವಂತೆ ಮಾಡಿ, ಆ ಗಾಯದಿಂದ ದುರಸ್ತಿಯ ತುರ್ತು ವ್ಯವಸ್ಥೆಯನ್ನು ಎಬ್ಬಿಸುತ್ತದೆ ಎಂಬುದೂ ಅಲ್ಲಿಯೇ ಹೊರಬಂದ ಶೋಧ. ಹೊರಗಿನ ಭಾರಕ್ಕೆ ಒಳಗಿನ ಕತ್ತರಿ ತೆರೆದುಕೊಳ್ಳುವ ಈ ಸಂಗತಿ ಇಡೀ ಸಂಶೋಧನೆಯಲ್ಲೇ ಬೆರಗು ಹುಟ್ಟಿಸುವ ಭಾಗ. ಪ್ರಯೋಗಾಲಯದಲ್ಲಿ ಪಳಗಿದ ಒಂದೇ ತಳಿಯನ್ನು ಆಶ್ರಯಿಸಿದ್ದು ಮಾತ್ರ ಈ ಕೆಲಸದ ನಿಜವಾದ ಮಿತಿ. ಆಹಾರದ ಕೊಬ್ಬು, ಉಪ್ಪು, ಹುಳಿಯ ನಡುವೆ ಇರುವ ಕೋಶದ ಹಣೆಬರಹವನ್ನು ಅದರಿಂದಷ್ಟೇ ಹೇಳಲಾಗದು.

ಕಾರ್ನೆಗಿ ಪ್ರಯೋಗದ ಧೈರ್ಯ ಮೆಚ್ಚತಕ್ಕದ್ದು. ಎರಡು ವಜ್ರಗಳ ಮೊನೆಗಳ ನಡುವೆ ಈ-ಕೋಲೈ ಮತ್ತು ಶೆವನೆಲ್ಲಾ ಬ್ಯಾಕ್ಟೀರಿಯಾಗಳನ್ನು ಹಿಂಡಿ, 1,000 ಮೆಗಾಪಾಸ್ಕಲ್ ದಾಟಿ ನೀರು ಹೆಪ್ಪುಗಟ್ಟಿದ ಮೇಲೂ ಅವು ಫಾರ್ಮೇಟ್ ಎಂಬ ಲವಣವನ್ನು ಬಳಸುತ್ತಿದ್ದವೆಂದು, ಒತ್ತಡ ಇಳಿಸಿದಾಗ ಸುಮಾರು ನೂರಕ್ಕೊಂದು ಕೋಶ ಜೀವಂತವಿತ್ತೆಂದು ಅದು ಹೇಳಿತು. ಆಳಸಾಗರದ ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿ ಹಿರಿಯರಾದ ಅರಿಸ್ಟೈಡ್ಸ್ ಯಾಯನೋಸ್ ಅದೇ ವರ್ಷ ಈ ಜೀವಂತಿಕೆಯನ್ನೇ ಪ್ರಶ್ನಿಸಿದರು, ಪ್ರಶ್ನೆ ನ್ಯಾಯವಾದುದು: ಲವಣ ಬಳಕೆಯಾಯಿತೆಂಬುದು ಕಿಣ್ವ ಇನ್ನೂ ಕೆಲಸ ಮಾಡುತ್ತಿತ್ತೆಂಬುದನ್ನು ಹೇಳುತ್ತದೆಯೇ ಹೊರತು ಅದನ್ನು ಹೊತ್ತ ಕೋಶ ಬೆಳೆದು ಎರಡಾಗಬಲ್ಲದೆಂಬುದನ್ನು ಹೇಳುವುದಿಲ್ಲ. ತಾಳಿಕೊಂಡು ಸುಮ್ಮನಿರುವುದೂ ಒತ್ತಡದಲ್ಲಿ ಬಾಳುವುದೂ ಒಂದೇ ಅಲ್ಲ. ಮರಿಯಾನಾ ಕಂದರದಿಂದ ಯಾಯನೋಸ್ ಬಳಗ 1981ರಲ್ಲಿ ವರದಿ ಮಾಡಿದ ಬ್ಯಾಕ್ಟೀರಿಯಾ ಒತ್ತಡವಿಲ್ಲದೆ ಬೆಳೆಯಲಾರದೆಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆದರೂ ಕಾರ್ನೆಗಿಯವರ ಅಂಕಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ 2011ರಲ್ಲಿ ಲ್ಯೂವೆನ್ ಬಳಗವೇ 2,000 ಮೆಗಾಪಾಸ್ಕಲ್ ತಾಳುವ ಈ-ಕೋಲೈಯನ್ನು ತೋರಿಸಿತು.

ಇದೆಲ್ಲ ಆಹಾರದ ಸುರಕ್ಷತೆಗೂ ಸಂಬಂಧಿಸಿದ್ದು. ಹಣ್ಣಿನ ರಸ, ಮಾಂಸಗಳನ್ನು ಬೇಯಿಸದೆ ಕಾಪಾಡಲು ಉದ್ಯಮ ಇಂದು ಬಳಸುವ 400ರಿಂದ 600 ಮೆಗಾಪಾಸ್ಕಲ್, 1899ರಲ್ಲಿ ವೆಸ್ಟ್ ವರ್ಜೀನಿಯಾದ ಬರ್ಟ್ ಹೈಟ್ ಹಾಲಿನ ಮೇಲೆ ಮಾಡಿದ ಪ್ರಯೋಗದ ಮುಂದುವರಿಕೆ. ಗಟ್ಟಿ ಕವಚದೊಳಗೆ ಮಲಗಿರುವ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಬೀಜಾಣುಗಳು ಅದನ್ನು ಮೊದಲಿನಿಂದಲೂ ತಾಳುತ್ತ ಬಂದಿವೆ. ಲ್ಯೂವೆನ್‌ನ ತಳಿಗಳು ತೋರಿಸುವಂತೆ, ಬೀಜಾಣುವಾಗದ ಸಾಮಾನ್ಯ ಕೋಶವೂ ಸುತ್ತುಗಳು ಮರುಕಳಿಸಿದಂತೆ ಆ ಎಲ್ಲೆಯನ್ನು ದಾಟಬಲ್ಲದು. ಹಾಗಾಗಿ ಸತ್ತ ಕೋಶಗಳ ಲೆಕ್ಕದ ಜೊತೆಗೆ, ಗಾಯಗೊಂಡು ಉಳಿದು ಮರುದಿನ ಚೇತರಿಸಿಕೊಳ್ಳುವ ಕೋಶಗಳನ್ನೂ ಪರೀಕ್ಷಿಸದ ಯಾವ ಸುರಕ್ಷತಾ ಅಧ್ಯಯನವನ್ನೂ ಪೂರ್ಣವೆಂದು ಒಪ್ಪುವಂತಿಲ್ಲ.